ಸ್ಲ್ಯಾಬ್ ಎತ್ತಿದ ರಾತ್ರಿ

ಹೆದ್ದಾರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಲೆಕ್ಕ ಸುಲಭವಾಗಿತ್ತು. ಹಳೇ ಕಾಂಕ್ರೀಟ್ ರಸ್ತೆ ಒಡೆದಿದೆಯಾ? ಕಿತ್ತು ಹಾಕಿ, ಇನ್ನೂ ಗಟ್ಟಿ ಕಾಂಕ್ರೀಟ್ ಸುರಿದರೆ ಆಯ್ತು, ಅಲ್ವಾ?

ಅವತ್ತು 30 ವರ್ಷ ಹಳೇ ರಸ್ತೆಯಲ್ಲಿ, ಲಾರಿಗಳ ಲೇನ್ ಮುಚ್ಚಿ ರಾತ್ರಿ ಕೆಲಸ. ಮೇಸ್ತ್ರಿ ಕಬ್ಬಿಣದ ಸಲಾಕೆ ಹಿಡಿದು ಎರಡು ಕಾಂಕ್ರೀಟ್ ಸ್ಲ್ಯಾಬ್ ಕೂಡುವ ಜಾಯಿಂಟ್ ಪಕ್ಕದಲ್ಲೇ ಕುಟ್ಟುತ್ತಾ ಹೋದರು. ಠಣ್, ಠಣ್, ಆಮೇಲೆ ಡಬ್. "ಇಲ್ಲಿ ಕೆಳಗೆ ಟೊಳ್ಳು ಸಾರ್" ಅಂದರು.

ಕ್ರೇನ್ ಸ್ಲ್ಯಾಬ್ ಎತ್ತಿತು. ನಾಲ್ಕೂವರೆ ಮೀಟರ್ ಉದ್ದದ ತುಂಡು. ಕೊಯ್ದ ಅಂಚಿಗೆ ಟಾರ್ಚ್ ಬಿಟ್ಟು ನೋಡಿದೆ, ಒಂದು ಜಲ್ಲಿಯೂ ಅಲುಗಾಡಿರಲಿಲ್ಲ. ಕೆಳಗೆ ಮಾತ್ರ ಗಂಜಿಯಂಥ ಕೆಸರು. ಜಾಯಿಂಟಿನಿಂದ ಇಳಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಲಾರಿ ಚಕ್ರ ಹತ್ತಿದಾಗೆಲ್ಲ ಸ್ಲ್ಯಾಬಿನ ತುದಿ ಕುಗ್ಗಿ, ಆ ನೀರು ನುಣ್ಣನೆ ಮಣ್ಣನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತಿತ್ತು. ರಸ್ತೆ ಅಂಚಿನಲ್ಲಿ ಕಂದು ಕಲೆಗಳನ್ನು ದಿನಾ ನೋಡಿದ್ದೆ. ಲಾರಿಯಿಂದ ಏನೋ ಚೆಲ್ಲಿದೆ ಅಂದುಕೊಂಡು ಸುಮ್ನೆ ದಾಟಿ ಹೋಗಿದ್ದೆ!

ಬೆಳಿಗ್ಗೆ ಲೇನ್ ತೆರೆಯಲೇಬೇಕು, ಕಾಂಕ್ರೀಟ್ ಸುರಿಯೋಣ ಅಂತ ನಾನು ಹಟ ಹಿಡಿದೆ. ನಮ್ಮ ಹಿರಿಯ ಎಂಜಿನಿಯರ್ ಒಪ್ಪಲಿಲ್ಲ. ಕೆಸರು ತೆಗೆಸಿದರು, ತಳಕ್ಕೆ ಹೊಸ ಜಲ್ಲಿ ಹಾಕಿಸಿ ರೋಲರ್ ಓಡಿಸಿದರು, ಅಂಚಿನುದ್ದಕ್ಕೂ ನೀರು ಹೋಗಲು ತೂತಿನ ಪೈಪ್ ಇಡಿಸಿದರು. ಲೇನ್ ಇನ್ನೂ ಎರಡು ದಿನ ಮುಚ್ಚಿತ್ತು. ಬೈಗುಳ ಬೇಕಾದಷ್ಟು ಬಿತ್ತು.

ಹಳೇ ಸ್ಲ್ಯಾಬಿಗೆ ರಂಧ್ರ ಕೊರೆದು ಡೋವೆಲ್ ಬಾರ್ ಅನ್ನೋ ಉಕ್ಕಿನ ಸರಳು ಕೂರಿಸಿದೆವು. ಒಂದು ಸ್ಲ್ಯಾಬಿನ ಭಾರ ಪಕ್ಕದ್ದಕ್ಕೆ ದಾಟಿಸುವುದು ಇವೇ. ಸೊಟ್ಟಗೆ ಕೂತರೆ ಜಾಯಿಂಟ್ ಬಿಗಿದುಕೊಂಡು ಪಕ್ಕದಲ್ಲೇ ಸೀಳುತ್ತದೆ.

ತಪ್ಪು ನಡೆದದ್ದು ಕೊನೆಗೆ, ನನ್ನ ಕೈಯಲ್ಲೇ. ಮೂರು ಸ್ಲ್ಯಾಬಿನಷ್ಟು ಉದ್ದ ಒಟ್ಟಿಗೆ ಸುರಿದಿದ್ದೆವು. ಕಟರ್‌ನಿಂದ ಜಾಯಿಂಟ್ ಕೊಯ್ಯಿಸುವುದು ನನ್ನ ಪಾಲಿನ ಕೆಲಸ. ಸ್ವಲ್ಪ ಹೊತ್ತು ಅಂತ ಜೀಪಿನಲ್ಲಿ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಒಣ ಗಾಳಿ ಎದ್ದಿತ್ತು. ಕಾಂಕ್ರೀಟ್ ಬಿಗಿಯುತ್ತಾ ಕುಗ್ಗುತ್ತದೆ, ನಾವು ಗೆರೆ ಕೊಯ್ಯದಿದ್ದರೆ ತಾನೇ ಒಂದು ಎಳೆದುಕೊಳ್ಳುತ್ತದೆ. ಎದ್ದು ನೋಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು, ಹಾವಿನ ಹಾಗೆ, ಗುರುತು ಹಾಕಿದ್ದ ಜಾಗದಿಂದ ಒಂದು ಗೇಣು ಆಚೆ.

ಮೊದಲ ಮಳೆಗೆ ಅಲ್ಲಿಗೇ ಹೋಗಿ ನಿಂತೆ. ಬಿರುಕು ಹಾಗೇ ಇತ್ತು. ಪೈಪಿನ ಬಾಯಿಂದ ನೀರು ಸಣ್ಣಗೆ ಸುರಿಯುತ್ತಿತ್ತು. ಅಂಗೈಯಲ್ಲಿ ಹಿಡಿದು ನೋಡಿದೆ, ಮಣ್ಣಿರಲಿಲ್ಲ.