ಅಮ್ಮನ ಮಣಿಕಟ್ಟು

ಕಳೆದ ವರ್ಷ ನಮ್ಮ ಪ್ರೌಢಶಾಲೆಯ ಶಿಕ್ಷಕರಿಗಾಗಿ ಏರ್ಪಡಿಸಿದ್ದ ಉಚಿತ ತಪಾಸಣಾ ಶಿಬಿರದಲ್ಲಿ, ನನ್ನ ಹಿಮ್ಮಡಿಗೆ ಜೆಲ್ ಸವರಿ ಪಾದವನ್ನು ಒಂದು ಪುಟ್ಟ ಯಂತ್ರದೊಳಗೆ ಇಡಿಸಿದ ಹುಡುಗಿ, ಸ್ವಲ್ಪ ಹೊತ್ತಿನಲ್ಲೇ ಒಂದು ಚೀಟಿ ಹರಿದು ಕೈಗಿತ್ತಳು. ಅದರಲ್ಲಿ ಮೈನಸ್ 2.8 ಎಂದಿತ್ತು. ‘ಮೂಳೆ ತುಂಬಾ ವೀಕ್ ಇದೆ ಮೇಡಂ’ ಎಂದವಳೇ ಪಕ್ಕದ ಮೇಜಿನ ಮೇಲಿದ್ದ ಕ್ಯಾಲ್ಸಿಯಂ ಪುಡಿಯ ಡಬ್ಬಗಳನ್ನು ತೋರಿಸಿದಳು. ನಾನು ಡಬ್ಬ ಕೊಳ್ಳಲಿಲ್ಲ, ಆದರೆ ಚೀಟಿಯನ್ನು ಎಸೆಯುವುದಕ್ಕೂ ಮನಸ್ಸು ಬರಲಿಲ್ಲ. ಮೂಳೆಯ ಸಾಂದ್ರತೆಯನ್ನು ಸರಿಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕೇ, ಬೇಡವೇ ಎಂದು ತೀರ್ಮಾನಿಸಲು ಅಲ್ಲಿಂದ ಮುಂದೆ ನನಗೆ ನಾಲ್ಕು ತಿಂಗಳು ಹಿಡಿಯಿತು.

‘ನಿನಗೆ ಮಂಡಿ ನೋವೂ ಇಲ್ಲ, ಸೊಂಟ ನೋವೂ ಇಲ್ಲ. ಇಲ್ಲದ ಕಾಯಿಲೆಯನ್ನು ಯಾಕೆ ಹುಡುಕಿಕೊಂಡು ಹೋಗ್ತೀಯ?’ ಎಂದು ಯಜಮಾನರು ಕೇಳಿದರು. ನಮ್ಮಲ್ಲಿ ಮಂಡಿ ನೋವಿಗೂ ‘ಮೂಳೆ ಸವೆದಿದೆ’ ಎನ್ನುತ್ತಾರೆ, ಮೂಳೆ ಒಳಗೊಳಗೇ ಟೊಳ್ಳಾಗುವುದಕ್ಕೂ ಅದೇ ಮಾತನ್ನು ಬಳಸುತ್ತಾರೆ. ಮೊದಲನೆಯದು ಕೀಲಿನ ತೊಂದರೆ, ಅದು ನೋಯುತ್ತದೆ. ಎರಡನೆಯದು ಆಸ್ಟಿಯೊಪೊರೊಸಿಸ್, ಮೂಳೆ ಮುರಿಯುವ ದಿನದವರೆಗೂ ಅದು ಸಾಮಾನ್ಯವಾಗಿ ಯಾವ ನೋವನ್ನೂ ಕೊಡುವುದಿಲ್ಲ. ಈ ವ್ಯತ್ಯಾಸ ಆಗ ನನಗೂ ಸ್ಪಷ್ಟವಾಗಿ ತಿಳಿದಿರಲಿಲ್ಲವಾದ್ದರಿಂದ ಅವರ ಮಾತು ಸರಿಯೆಂದೇ ತೋರಿತು. ಕುಣಿಗಲ್ ಸೀಮೆಯಲ್ಲಿ ಮುದ್ದೆ ಉಂಡು ಬೆಳೆದವಳು ನಾನು; ರಾಗಿ ತಿಂದವನು ನಿರೋಗಿ ಎಂಬ ನಂಬಿಕೆ ಮನಸ್ಸಿನ ತಳದಲ್ಲಿ ಇದ್ದೇ ಇತ್ತು. ಅಕ್ಕ ಫೋನಿನಲ್ಲಿ, ‘65 ದಾಟಿದ ಮೇಲೆ ಮಾಡಿಸೋದಂತೆ ಅದು, ನಿನಗಿನ್ನೂ 55. ಸುಮ್ಮನೆ ದುಡ್ಡು ದಂಡ’ ಎಂದಳು. ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅಮೆರಿಕದ ಮಾರ್ಗಸೂಚಿ 65 ದಾಟಿದ ಎಲ್ಲ ಹೆಂಗಸರಿಗೂ ಪರೀಕ್ಷೆ ಇರಲಿ ಎನ್ನುತ್ತದೆ. ಆದರೆ ಮುಟ್ಟು ನಿಂತ ಬಳಿಕ ಬೇರೆ ಅಪಾಯದ ಅಂಶಗಳಿದ್ದರೆ ಅದಕ್ಕೂ ಮೊದಲೇ ಮಾಡಿಸಬೇಕೆಂಬ ಮಾತೂ ಅದರಲ್ಲಿದೆ.

ಕೊನೆಗೆ ತುಮಕೂರಿನಲ್ಲಿ ನಾನು ತೋರಿಸಿಕೊಳ್ಳುವ ವೈದ್ಯೆಯ ಮುಂದೆ ಚೀಟಿಯನ್ನು ಇಟ್ಟೆ. ಹಿಮ್ಮಡಿಯ ಅಲ್ಟ್ರಾಸೌಂಡ್ ನೋಡಿ ಕಾಯಿಲೆಯಿದೆ ಎಂದು ತೀರ್ಮಾನಿಸಲಾಗದು, ಆಸ್ಟಿಯೊಪೊರೊಸಿಸ್ ಎಂದು ಕರೆಯಲು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಮೈನಸ್ 2.5ರ ಗೆರೆ ಬೆನ್ನುಮೂಳೆ ಮತ್ತು ಸೊಂಟದ ಡೆಕ್ಸಾ ಅಳತೆಗೆ ಅನ್ವಯಿಸುತ್ತದೆಯೇ ಹೊರತು ಇದಕ್ಕಲ್ಲ ಎಂದು ಅವರು ವಿವರಿಸಿದರು. ನಾನು ಸಮಾಧಾನದಿಂದ ಏಳುವುದರಲ್ಲಿದ್ದೆ. ಅಷ್ಟರಲ್ಲಿ ಅವರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ನನಗೆ 41ನೇ ವಯಸ್ಸಿನಲ್ಲಿ ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರು. ಅಂದಿನಿಂದಲೇ ಅಂಡಾಶಯ ಸ್ರವಿಸುವ ಈಸ್ಟ್ರೊಜನ್ ಹಾರ್ಮೋನಿನ ಆಸರೆ ತಪ್ಪಿ ಮೂಳೆ ಬೇಗ ಬೇಗ ಕರಗಿರಬಹುದೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಸೊಂಟದ ಮೂಳೆ ಮುರಿದಿತ್ತೇ ಎಂದಾಗ ಅಮ್ಮನ ವಿಷಯ ಹೇಳಿದೆ. 2019ರಲ್ಲಿ, 72ನೇ ವಯಸ್ಸಿನಲ್ಲಿ, ಬಚ್ಚಲುಮನೆಯ ಹೊಸ್ತಿಲು ಎಡವಿ ಬಿದ್ದ ಅಮ್ಮ ಶಸ್ತ್ರಚಿಕಿತ್ಸೆಯಾದರೂ ಮತ್ತೆ ಮೊದಲಿನಂತೆ ಓಡಾಡಲಿಲ್ಲ. ಹನ್ನೊಂದು ತಿಂಗಳಲ್ಲಿ ತೀರಿಕೊಂಡರು.

‘ಅದಕ್ಕೂ ಮೊದಲು ಅವರಿಗೆ ಬೇರೆ ಯಾವುದಾದರೂ ಮೂಳೆ ಮುರಿದಿತ್ತಾ?’ ಎಂದು ಅವರು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ. 2009ರ ಮಳೆಗಾಲದಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ಕಾಲು ಜಾರಿ, ಬಲಗೈ ಊರಿ ಬಿದ್ದು ಅಮ್ಮನ ಮಣಿಕಟ್ಟು ಮುರಿದಿತ್ತು. ಊರಿನ ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿಕೊಂಡಿತು, ಆದರೆ ಕೈ ಸ್ವಲ್ಪ ಸೊಟ್ಟಗಾಯಿತು. ಆಮೇಲೆ ರಜೆಗೆ ಹೋದಾಗಲೆಲ್ಲ ಕಾಣುತ್ತಿದ್ದೆ: ಅಮ್ಮ ಕವೆಗೋಲನ್ನು ಪಾದದಲ್ಲಿ ಮೆಟ್ಟಿ, ಆವಿಯಾಡುವ ಮಡಕೆಯಲ್ಲಿ ಮುದ್ದೆಕೋಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ತಿರುವುತ್ತಿದ್ದರು, ಬಲಗೈ ಕೋಲಿನ ತುದಿಯನ್ನು ಸುಮ್ಮನೆ ಸೋಕಿಕೊಂಡಿರುತ್ತಿತ್ತು. ಜಾರಿ ಬಿದ್ದರೆ ಕೈ ಮುರಿಯದೆ ಇರುತ್ತದೆಯೇ ಎಂದು ನಾವೆಲ್ಲ ಅದನ್ನು ಅಲ್ಲಿಗೇ ಬಿಟ್ಟಿದ್ದೆವು. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಆ ವಯಸ್ಸಿನಲ್ಲಿ ಮಣಿಕಟ್ಟು ಮುರಿದರೆ, ಮೂಳೆಯ ಬಲ ಕುಂದಿರಬಹುದೆಂದು ಆಗಲೇ ಪರೀಕ್ಷಿಸಬೇಕು ಎಂದರು ವೈದ್ಯೆ. ನಮ್ಮ ಕಣ್ಣೆದುರಿಗೇ ಹತ್ತು ವರ್ಷ ಆ ಕೈ ಮುದ್ದೆಕೋಲನ್ನು ಬರೀ ಸೋಕಿಕೊಂಡಿತ್ತು.

ಆದರೂ ಅವರು ಕೂಡಲೇ ಚೀಟಿ ಬರೆದುಕೊಡಲಿಲ್ಲ. ‘ಅಂಕಿ ಕಡಿಮೆ ಬಂದರೆ ಏನಾದರೂ ಮಾಡಲು ನೀವು ತಯಾರಿದ್ದೀರಾ, ಮೊದಲು ಅದನ್ನು ಯೋಚಿಸಿ’ ಎಂದರು. ಔಷಧಿಯ ಬಗ್ಗೆ ನನಗೆ ಭಯವಿತ್ತು. ವಾರಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕಾದ ಆ ಮಾತ್ರೆಯಿಂದ ದವಡೆಯ ಮೂಳೆಗೆ ತೊಂದರೆಯಾಗುತ್ತದೆಂದು ಕೇಳಿದ್ದೆ. ಆ ತೊಂದರೆ ಇರುವುದು ನಿಜ, ಆದರೆ ಬಲು ಅಪರೂಪ, ಮೊದಲೇ ಹಲ್ಲು ತೋರಿಸಿಕೊಂಡರೆ ಒಳ್ಳೆಯದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದಲೇ ನನಗೆ ಧೈರ್ಯ ಬಂತು. ಮಾಡಿಸುತ್ತೇನೆ ಎಂದೆ.

ಬೆಂಗಳೂರಿನಲ್ಲಿ ಮಾಡಿಸಿದ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನುಂಗಬಾರದು, ಜಿಪ್ ಅಥವಾ ಲೋಹದ ಗುಂಡಿಯಿರುವ ಉಡುಪು ಬೇಡ ಎಂದಿದ್ದರು. ಕಾಲಿನ ಕೆಳಗೆ ಒಂದು ಚೌಕದ ದಿಂಬನ್ನಿಟ್ಟು ಅಂಗಾತ ಮಲಗಿಸಿದರು, ಆಮೇಲೆ ಪಾದವನ್ನು ಒಳಮುಖವಾಗಿ ತಿರುಗಿಸಿ ಪಟ್ಟಿ ಕಟ್ಟಿದರು; ಯಂತ್ರದ ತೋಳು ಮೇಲೆ ಮೆಲ್ಲಗೆ ಸರಿದು ಹೋಯಿತು. ಕಾಲು ಗಂಟೆಯೂ ಹಿಡಿಯಲಿಲ್ಲ. ಇದರ ಕ್ಷಕಿರಣ ಎದೆಯ ಎಕ್ಸ್‌ರೇಗಿಂತಲೂ ಕಡಿಮೆಯೆಂಬುದನ್ನು ಮೊದಲೇ ತಿಳಿದಿದ್ದರೆ ಒಂದು ತಿಂಗಳ ಚಿಂತೆಯಾದರೂ ತಪ್ಪುತ್ತಿತ್ತು.

ಬೆನ್ನುಮೂಳೆ ಮೈನಸ್ 2.3, ತೊಡೆಮೂಳೆಯ ಕತ್ತು ಮೈನಸ್ 1.9. ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ ಕೊಡುವ ಈ ಅಂಕಿ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಅದು ಆಸ್ಟಿಯೊಪೀನಿಯಾ, ಅಂದರೆ ಮೂಳೆ ತೆಳುವಾಗಿದೆ, ಆದರೆ ಗೆರೆ ದಾಟಿಲ್ಲ. ಅಮ್ಮನ ಸೊಂಟದ ಮೂಳೆ ಮುರಿದ ವಿಷಯವನ್ನೂ ಸೇರಿಸಿ ವೈದ್ಯೆ ಫ್ರ್ಯಾಕ್ಸ್ ಎಂಬ ಲೆಕ್ಕದಲ್ಲಿ ನನ್ನ ಮುಂದಿನ ಹತ್ತು ವರ್ಷಗಳ ಅಪಾಯವನ್ನು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ ತೀರಾ ಕಡಿಮೆಯಿತ್ತು. ಅದನ್ನು ಮೊದಲು ಸರಿಪಡಿಸಿ ಮಾತ್ರೆಯ ಮಾತನ್ನು ಆಮೇಲೆ ಆಡೋಣ ಎಂದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ನನ್ನ ವಯಸ್ಸಿಗೆ ದಿನಕ್ಕೆ 1200 ಬೇಕು. ಮುದ್ದೆಯ ಜೊತೆಗೆ ಹಾಲು ಮೊಸರೂ ಬೇಕೇ ಬೇಕು ಎಂಬ ಲೆಕ್ಕವನ್ನು ಮನೆಗೆ ಬಂದು ನಾನೇ ಬರೆದುಕೊಂಡೆ. ಅದೇ ವಾರ ಯಜಮಾನರು ಬಚ್ಚಲುಮನೆಯ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಹಾಕಿಸಿದರು.

ವರದಿಯ ಫೋಟೊವನ್ನು ಅಕ್ಕನಿಗೆ ಕಳಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ರಾತ್ರಿ ಫೋನ್ ಮಾಡಿ, ಮಕ್ಕಳ ಸಮಾಚಾರ, ಮಳೆಯ ಸಮಾಚಾರವೆಲ್ಲ ಮುಗಿಸಿದ ಮೇಲೆ, ‘ಹೋದ ವರ್ಷ ಮೆಟ್ಟಿಲಿಳಿಯುವಾಗ ನನ್ನ ಕೈ ಉಳುಕಿತ್ತಲ್ಲ, ಅದು ಉಳುಕಾಗಿರಲಿಲ್ಲ ಕಣೇ, ಸಣ್ಣದಾಗಿ ಬಿರುಕು ಬಿಟ್ಟಿತ್ತು’ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಬರುವ ಶನಿವಾರ ಅವಳನ್ನು ಕರೆದುಕೊಂಡು ಹೋಗುತ್ತಿದ್ದೇನೆ.