ಬೋರ್ಡಿನ ಮೂಲೆಯ ಹೆಸರು

ಅಪ್ಪ ಅರಸೀಕೆರೆಯಲ್ಲಿ ಮೂವತ್ತು ವರ್ಷ ಬೋರ್ಡು ಬರೆದವರು. ಹೋಟೆಲು, ಜವಳಿ ಅಂಗಡಿ, ಕೊಬ್ಬರಿ ಮಂಡಿ, ಲಾರಿಯ ಹಿಂಬದಿ, ಎಲ್ಲವನ್ನೂ ಬರೆದರು. ಫ್ಲೆಕ್ಸ್ ಬರುವವರೆಗೂ ನಮ್ಮ ಪೇಟೆಬೀದಿಯ ಅರ್ಧ ಅಕ್ಷರಗಳು ಅವರ ಬ್ರಷ್ಷಿನವು. ಪ್ರತಿ ಬೋರ್ಡಿನ ಕೆಳಗೆ, ಬಲ ಮೂಲೆಯಲ್ಲಿ, ಸಣ್ಣದಾಗಿ ತಮ್ಮ ಹೆಸರು ಬರೆದು ಪಕ್ಕದಲ್ಲಿ ‘ಆರ್ಟ್ಸ್’ ಎಂದು ಸೇರಿಸುತ್ತಿದ್ದರು. ಒಮ್ಮೆ ಅಂಗಡಿಯವರೊಬ್ಬರು ದುಡ್ಡು ಪೂರ್ತಿ ಎಣಿಸಿ ಕೊಟ್ಟು, ಆ ಹೆಸರನ್ನು ಮಾತ್ರ ಅಳಿಸಿಬಿಡಿ ಎಂದರು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗಾಗ ಹತ್ತು ವರ್ಷ. ದುಡ್ಡು ಬಂತಲ್ಲ, ಇನ್ನೇನು ಎಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಅಪ್ಪ ಅಮೆರಿಕದ ಕ್ಲೀವ್‌ಲ್ಯಾಂಡಿಗೆ, ನಮ್ಮ ಮನೆಗೆ ಬಂದಿದ್ದರು. ನಯಾಗರ ತೋರಿಸಿಯಾಗಿತ್ತು, ಈರಿ ಸರೋವರದ ದಂಡೆಯಲ್ಲಿ ಅಡ್ಡಾಡಿಯೂ ಆಗಿತ್ತು. ಒಂದು ಶನಿವಾರ ಅವರನ್ನು ಗ್ಲೆನ್‌ವಿಲ್ ಬಡಾವಣೆಗೆ ಕರೆದುಕೊಂಡು ಹೋದೆ. ಪ್ರವಾಸಿಗರ ನೂಕುನುಗ್ಗಲಿರುವ ಜಾಗವಲ್ಲ. ಸಾಲಿನಲ್ಲಿ ಕೆಲವು ಮನೆಗಳ ಕಿಟಕಿಗೆ ಹಲಗೆ ಹೊಡೆದಿದ್ದಾರೆ, ಕೆಲವು ಸೈಟುಗಳಲ್ಲಿ ಬರೀ ಹುಲ್ಲು. ಕಿಂಬರ್ಲಿ ಅವೆನ್ಯೂದಲ್ಲಿ ಮಾತ್ರ ಒಂದು ಮನೆಯ ಬೇಲಿಗೆ ಸೂಪರ್‌ಮ್ಯಾನನ ಎದೆಯ ಮೇಲಿನ ಆ ಕೆಂಪು ಲಾಂಛನ ನೇತುಹಾಕಿದ್ದಾರೆ. ಒಳಗೆ ಸಂಸಾರವಿರುವ ಮನೆಯದು, ಹಾಗಾಗಿ ನಾವು ಫುಟ್‌ಪಾತಿನಲ್ಲೇ ನಿಂತೆವು.

ಕಾಮಿಕ್ಸ್ ನಾಯಕ ಸೂಪರ್‌ಮ್ಯಾನನ ಕತೆ ಕಟ್ಟಿದ ಜೆರ್ರಿ ಸೀಗಲ್ ಎಂಬ ಹುಡುಗ ಬೆಳೆದದ್ದು ಇಲ್ಲಿ. ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬ. 1932ರ ಜೂನ್‌ನಲ್ಲಿ ಅವನ ತಂದೆಯ ಹಳೆ ಬಟ್ಟೆ ಅಂಗಡಿಗೆ ಕಳ್ಳರು ನುಗ್ಗಿದರು. ಆ ಗಲಾಟೆಯಲ್ಲೇ ತಂದೆಯ ಎದೆ ನಿಂತುಹೋಯಿತು. ಜೆರ್ರಿಗೆ ಆಗ ಹದಿನೇಳು. ಗುಂಡು ತಾಗಿದರೂ ಏನೂ ಆಗದವನ ಕತೆ ಆ ಹುಡುಗನ ತಲೆಯಲ್ಲಿ ಹುಟ್ಟಿದ್ದರ ಹಿಂದೆ ಈ ಸಾವು ಇದೆ ಎಂದು ಅನೇಕರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಚಿತ್ರ ಬರೆದದ್ದು ಅವನ ಶಾಲೆಯ ಗೆಳೆಯ ಜೋ ಶೂಸ್ಟರ್. ಟೊರಾಂಟೋದಿಂದ ಬಂದವನು, ಕಣ್ಣು ಮಂದ, ಮನೆಯಲ್ಲಿ ಕಡುಬಡತನ. ಕಾಗದಕ್ಕೆ ಕಾಸಿಲ್ಲದೆ ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದ. ಚಳಿಗಾಲದಲ್ಲಿ ಮನೆ ಬೆಚ್ಚಗಿರಿಸಲಾಗದೆ ಕೋಟು, ಕೈಗವಸು ಹಾಕಿಕೊಂಡೇ ಕೂರುತ್ತಿದ್ದ. ಅವನ ಡ್ರಾಯಿಂಗ್ ಬೋರ್ಡು ಎಂದರೆ ಅಮ್ಮ ಹಿಟ್ಟು ನಾದುವ ಹಲಗೆ. ಶುಕ್ರವಾರ ಸಬ್ಬತ್ತಿನ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ, ಬ್ರೆಡ್ ಮಾಡಲು ಅಮ್ಮನಿಗೆ ಅದು ಬೇಕಾಗುತ್ತಿತ್ತು, ಅವತ್ತು ಇವನ ಕೆಲಸ ಬಂದ್. ಇದನ್ನು ಹೇಳಿದಾಗ ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾನೂ ನಿಮ್ಮಜ್ಜಿಯ ಚಪಾತಿ ಮಣೆ ಮೇಲೇ ಅಕ್ಷರ ತಿದ್ದಿದ್ದು ಕಣೋ” ಎಂದರು. ನನಗದು ಗೊತ್ತೇ ಇರಲಿಲ್ಲ.

ವರ್ಷಗಟ್ಟಲೆ ಯಾರೂ ಬೇಡವೆಂದ ಆ ಕತೆಯನ್ನು ಕೊನೆಗೆ 1938ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಪ್ರಕಾಶಕರು ಕೊಂಡರು. ಹದಿಮೂರು ಪುಟ, ಪುಟಕ್ಕೆ 10 ಡಾಲರ್, ಒಟ್ಟು 130. ಅದರ ಜೊತೆಗೇ ಸೂಪರ್‌ಮ್ಯಾನ್ ಶಾಶ್ವತವಾಗಿ ಕಂಪನಿಯ ಸ್ವತ್ತು ಎಂದು ಬರೆಸಿಕೊಂಡರು. ಬೇರೆ ಕೆಲಸಗಳ ಬಾಕಿಯೂ ಸೇರಿ ಬಂದ ಚೆಕ್ಕು 412 ಡಾಲರಿನದು. ಅದರ ಮೇಲೆ ಇಬ್ಬರ ಹೆಸರಿನ ಸ್ಪೆಲ್ಲಿಂಗೂ ತಪ್ಪಾಗಿತ್ತು. ಹಿಂದುಗಡೆ ಇಬ್ಬರೂ ಎರಡೆರಡು ಸಲ ಸಹಿ ಮಾಡಬೇಕಾಯಿತು, ಒಮ್ಮೆ ತಪ್ಪು ಹೆಸರಿನಲ್ಲಿ, ಒಮ್ಮೆ ತಮ್ಮ ನಿಜವಾದ ಹೆಸರಿನಲ್ಲಿ. ಆ ಚೆಕ್ಕು 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು.

“ಹೆಸರನ್ನೇ ತಪ್ಪು ಬರೆದಿದ್ರಾ?” ಅಪ್ಪ ಎರಡು ಸಲ ಕೇಳಿದರು. 130 ಡಾಲರಿನ ಬಗ್ಗೆ ಒಂದು ಸಲವೂ ಕೇಳಲಿಲ್ಲ.

ಮೊದಲ ಕೆಲವು ವರ್ಷ ಇಬ್ಬರಿಗೂ ಒಳ್ಳೆಯ ಸಂಪಾದನೆಯೇ ಇತ್ತು, ಕತೆಗಳ ಮೇಲೆ ಅವರ ಹೆಸರೂ ಇರುತ್ತಿತ್ತು. 1947ರಲ್ಲಿ ಹಕ್ಕು ಕೇಳಿ ಕೋರ್ಟಿಗೆ ಹೋದರು. ಮರುವರ್ಷ ಸುಮಾರು 94,000 ಡಾಲರಿಗೆ ರಾಜಿಯಾಯಿತು, ಕೆಲಸ ಹೋಯಿತು, ಕತೆಗಳ ಮೇಲಿನ ಹೆಸರೂ ಹೋಯಿತು. 1959ರ ಹೊತ್ತಿಗೆ ಸೀಗಲ್ ಅದೇ ಕಂಪನಿಗೆ ಮರಳಿ, ತಾನೇ ಹುಟ್ಟಿಸಿದವನ ಕತೆಗಳನ್ನು ಹೆಸರಿಲ್ಲದೆ, ಪುಟದ ಲೆಕ್ಕದಲ್ಲಿ ಬರೆದುಕೊಟ್ಟರು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಮೇಲೆ ಲಾಸ್ ಏಂಜಲೀಸಿನಲ್ಲಿ ಗುಮಾಸ್ತರಾದರು. ಶೂಸ್ಟರ್ ನ್ಯೂಯಾರ್ಕಿನಲ್ಲಿ, ಕಣ್ಣು ಹೆಚ್ಚುಕಡಿಮೆ ಕಾಣದ ಸ್ಥಿತಿಯಲ್ಲಿ, ತಮ್ಮನ ಜೊತೆ ಬದುಕುತ್ತಿದ್ದರು.

1975ರಲ್ಲಿ ದೊಡ್ಡ ಬಜೆಟ್ಟಿನ ಸೂಪರ್‌ಮ್ಯಾನ್ ಸಿನಿಮಾ ಬರುತ್ತದೆಂಬ ಸುದ್ದಿ ಕೇಳಿ ಸೀಗಲ್ ಪತ್ರಿಕೆಗಳಿಗೆ ಹತ್ತು ಪುಟದ ಹೇಳಿಕೆ ಕಳಿಸಿದರು. ಆ ಸಿನಿಮಾಕ್ಕೆ ಶಾಪ ಹಾಕುತ್ತಿದ್ದೇನೆ ಎಂದು ಅದರಲ್ಲಿ ಬರೆದಿದ್ದರು. ಬರಹಗಾರ ಕೊಟ್ಟ ಶಾಪವಾದ್ದರಿಂದ ಅಪ್ಪನಿಗೆ ಅದು ತೀರ ಸಹಜವಾಗಿ ಕಂಡಿತು. ವ್ಯಂಗ್ಯಚಿತ್ರಕಾರ ಜೆರ್ರಿ ರಾಬಿನ್ಸನ್, ಕಾಮಿಕ್ಸ್ ಕಲಾವಿದ ನೀಲ್ ಆಡಮ್ಸ್ ಸೀಗಲ್-ಶೂಸ್ಟರ್ ಪರ ನಿಂತರು. ಡಿಸೆಂಬರಿನಲ್ಲಿ ಆ ಕಂಪನಿಯ ಒಡೆತನದ ವಾರ್ನರ್ ಸಂಸ್ಥೆ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ, ವೈದ್ಯಕೀಯ ವೆಚ್ಚ ಕೊಡಲು ಒಪ್ಪಿತು. ಮಾತುಕತೆ ಕೊನೆಯವರೆಗೂ ಜಗ್ಗಾಡಿದ್ದು ಹೆಸರಿನ ವಿಷಯಕ್ಕೆ. ಅದೂ ಕೊನೆಗೆ ಸಿಕ್ಕಿತು.

ಬ್ಯಾಟ್‌ಮ್ಯಾನನ್ನು ರೂಪಿಸಿದವರಲ್ಲಿ ಒಬ್ಬರಾದ ಬಿಲ್ ಫಿಂಗರ್‌ಗೆ ಅಷ್ಟೂ ಸಿಗಲಿಲ್ಲ. ಒಪ್ಪಂದದ ಪ್ರಕಾರ ಹೆಸರೆಲ್ಲ ಚಿತ್ರಕಾರ ಬಾಬ್ ಕೇನ್ ಒಬ್ಬರದೇ. ಫಿಂಗರ್ 1974ರಲ್ಲಿ ತೀರಿಕೊಂಡರು, ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ.

ಶೂಸ್ಟರ್ 1992ರಲ್ಲಿ ಸಾಲ ಉಳಿಸಿ ತೀರಿಕೊಂಡರು. ಕಂಪನಿ ಆ ಸಾಲ ತೀರಿಸಿ, ತಂಗಿಗೆ ವರ್ಷಕ್ಕೆ 25,000 ಡಾಲರ್ ಕೊಡುವುದಾಗಿ ಪತ್ರ ಮಾಡಿಕೊಂಡಿತು. ಮುಂದೆ ಅವರ ಮನೆಯವರು ಹಕ್ಕು ಕೇಳಿದಾಗ, 2012ರಲ್ಲಿ ನ್ಯಾಯಾಲಯ ಇದೇ ಪತ್ರವನ್ನು ಆಧರಿಸಿ ಇಲ್ಲವೆಂದಿತು. ಸಂಕಟದಲ್ಲಿರುವವರ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವುದು ಎಲ್ಲ ಊರಲ್ಲೂ ಒಂದೇ ಥರ.

ಶೂಸ್ಟರ್ ಇದ್ದ ಕಟ್ಟಡ ಈಗಿಲ್ಲ. ಆ ಜಾಗದ ಬೇಲಿಗೆ ಮೊದಲ ಕತೆಯ ಪುಟಗಳನ್ನು ದೊಡ್ಡದಾಗಿ ಮಾಡಿ ಹಾಕಿದ್ದಾರೆ. ಅಪ್ಪ ಹತ್ತಿರ ಹೋಗಿ ಗೆರೆಗಳನ್ನು ಬೆರಳಲ್ಲಿ ಹಿಂಬಾಲಿಸಿದರು. “ಕಣ್ಣು ಕಾಣದವನ ಗೆರೆ ಅಲ್ಲ ಇದು” ಎಂದರು. ಆಮೇಲೆ ಪುಟದ ಮೂಲೆ ಹುಡುಕಿದರು. ರಸ್ತೆಯ ಕಂಬದಲ್ಲಿ ‘ಜೋ ಶೂಸ್ಟರ್ ಲೇನ್’ ಎಂಬ ಫಲಕವಿತ್ತು. ಅದರ ಕೆಳಗೆ ನಿಂತು, ಹೆಸರು ಕಾಣುವ ಹಾಗೆ ಫೋಟೋ ತೆಗೆಯೋ ಎಂದರು.

ಆ ರಾತ್ರಿ ಅಪ್ಪ 1978ರ ಸಿನಿಮಾ ಹಾಕಿಸಿದರು. ಶುರುವಿನಲ್ಲಿ ಹೆಸರುಗಳು ಹಾರಿ ಬರುತ್ತಿದ್ದವು. ಆ ಎರಡು ಹೆಸರು ಬಂದಾಗ ನಿಲ್ಲಿಸು ಎಂದರು, ನಿಲ್ಲಿಸಿದೆ. ಎದ್ದು ಟಿವಿಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಎರಡೂ ಹೆಸರುಗಳನ್ನು ಒಂದೊಂದೇ ಅಕ್ಷರವಾಗಿ ಓದಿದರು. “ಸ್ಪೆಲ್ಲಿಂಗ್ ಸರಿಯಾಗಿದೆಯೇನೋ?” ಎಂದು ಕೇಳಿದರು. “ಸರಿಯಾಗಿದೆ ಅಪ್ಪಾ” ಎಂದೆ. ಸಿನಿಮಾ ನೋಡಲಿಲ್ಲ, ಮಲಗಲು ಹೋದರು.