ಅವರೆಕಾಯಿಯ ಹುಳ

11 ಜನವರಿ 2025, ಶನಿವಾರ
ಮೈಸೂರು

ಬೆಳಿಗ್ಗೆ ಅತ್ತೆ ಹಜಾರದಲ್ಲಿ ಪೇಪರ್ ಹಾಸಿ, ಎರಡು ಕೆಜಿ ಅವರೆಕಾಯಿ ಸುರುವಿಕೊಂಡು ಕೂತಿದ್ದರು. ಮನೆ ತುಂಬಾ ಸೊಗಡಿನ ವಾಸನೆ. ಪಕ್ಕದಲ್ಲಿ ನನ್ನ ಮಗ, 14 ತಿಂಗಳಿನವನು. ಕಾಳು ಬಾಯಿಗೆ ಹಾಕಿಕೊಂಡಾನು ಅಂತ ಅತ್ತೆ ಪಾತ್ರೆಯನ್ನು ತಮ್ಮ ಆಚೆ ಬದಿಗೆ ಇಟ್ಟುಕೊಂಡಿದ್ದರು. ಅವನ ಮುಂದೆ ಬರೀ ಸಿಪ್ಪೆ.

ಒಂದು ಕಾಯಿಯಿಂದ ಹಸಿರು ಹುಳ ಹೊರಗೆ ಬಂತು. ಅವನು ಬೆರಳು ತೋರಿಸಿ "ಊ!" ಅಂದ.

"ಹೂಂ ಕಂದ, ಹುಳ. ಹಸಿರು ಹುಳ."

ಅಷ್ಟು ಹೇಳಿ ಅತ್ತೆ ಸುಮ್ಮನಾದರು. ಕೈಯಲ್ಲಿದ್ದ ಕಾಯಿಯನ್ನೂ ಬಿಡಿಸಲಿಲ್ಲ. ಅವನ ಮುಖವನ್ನೇ ನೋಡುತ್ತಾ ಕೂತರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನಾನಾಗಿದ್ದರೆ ಅಷ್ಟರಲ್ಲಿ ಹತ್ತು ಮಾತು ಆಡಿ ಮುಗಿಸಿರುತ್ತಿದ್ದೆ. ಅವನು ಹುಳ ನೋಡಿದ. ಅಜ್ಜಿಯನ್ನು ನೋಡಿದ. ಆಮೇಲೆ ನಿಧಾನಕ್ಕೆ "ಉಳ" ಅಂದ.

"ಹೌದು, ಹುಳ! ಎಲ್ಲಿಗೆ ಹೋಗ್ತಿದೆ ಅದು?"

ಅವನು ಪೇಪರ್ ಮೇಲೆ ಬೆರಳನ್ನು ಹುಳದ ಹಾಗೇ ಹರಿಸಿ ತೋರಿಸಿದ.

ಎರಡು ವಾರದಿಂದ ನಾನು ಅವನಿಗೆ ಚಿತ್ರದ ಕಾರ್ಡು ತೋರಿಸುತ್ತಿದ್ದೇನೆ. ಹಸು, ಬಸ್ಸು, ಬಾಳೆಹಣ್ಣು, ಒಂದಾದ ಮೇಲೊಂದು. ಹುಟ್ಟುವಾಗ ಮಗುವಿನ ಮಿದುಳು ದೊಡ್ಡವರದರ ಸುಮಾರು ಕಾಲು ಭಾಗದಷ್ಟಿರುತ್ತದೆ, ಐದಾರು ವರ್ಷಕ್ಕೆಲ್ಲ ಶೇಕಡಾ 90ರಷ್ಟು ಬೆಳೆದಿರುತ್ತದೆ ಅಂತ ಓದಿದ್ದೆ. ಆ ಲೆಕ್ಕ ನನಗೆ ಅವಸರ ಹುಟ್ಟಿಸಿತ್ತು. ಆದಷ್ಟು ಪದ ತುಂಬಿಬಿಡಬೇಕು ಅನ್ನಿಸಿತ್ತು. ಆದರೆ 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳ ಮನೆಮಾತನ್ನು ರೆಕಾರ್ಡ್ ಮಾಡಿ, ಅವರ ಮಿದುಳನ್ನೂ ಸ್ಕ್ಯಾನ್ ಮಾಡಿ ನೋಡಿದ್ದರು. ಕಿವಿಗೆ ಬಿದ್ದ ಪದಗಳ ಸಂಖ್ಯೆಗಿಂತ, ಮಗು ಒಮ್ಮೆ ದೊಡ್ಡವರು ಒಮ್ಮೆ ಅಂತ ಮಾತು ಎಷ್ಟು ಸಲ ಕೈ ಬದಲಾಯಿಸಿತು ಅನ್ನುವುದಕ್ಕೇ ಮಿದುಳಿನ ಭಾಷೆಯ ಭಾಗದ ಜೊತೆ ಹೆಚ್ಚು ನಂಟು ಕಂಡಿತ್ತು. ಅದನ್ನೂ ನಾನು ಓದಿದ್ದೆ. ಅರ್ಥವಾಗಿದ್ದು ಇವತ್ತು, ಅತ್ತೆ ಸುಮ್ಮನೆ ಕೂತಿದ್ದನ್ನು ನೋಡಿದಾಗ. ಕಾರ್ಡು ತೋರಿಸುವಾಗ ನಾನು ಅವನಿಗೆ ಸರದಿಯನ್ನೇ ಕೊಟ್ಟಿರಲಿಲ್ಲ.

ಸಂಜೆ ಮತ್ತೆ ಮರೆತೆ. ಆಫೀಸಿನ ಮೆಸೇಜು ಬಂದಿತ್ತು. ಅವನು ಡಬ್ಬದ ಮುಚ್ಚಳ ಹಿಡಿದುಕೊಂಡು ಬಂದು ಮೂರು ಸಲ ಕರೆದ. ನಾನು ತಲೆ ಎತ್ತದೆ "ಹಾಂ, ಹಾಂ" ಅಂದೆ. ಆಮೇಲೆ ಸದ್ದಿಲ್ಲ. ನೋಡಿದರೆ ಗೋಡೆ ಕಡೆ ತಿರುಗಿ ಕೂತಿದ್ದ.

ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಪ್ರಯೋಗ ನೆನಪಾಯಿತು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುತ್ತಾಳೆ. ಮಗು ನಗುತ್ತದೆ, ಕೂಗುತ್ತದೆ, ಅವಳನ್ನು ಮಾತಾಡಿಸಲು ಏನೇನೋ ಮಾಡುತ್ತದೆ. ಕಡೆಗೆ ಮುಖ ತಿರುಗಿಸಿಕೊಳ್ಳುತ್ತದೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ತಾಯಿ ಮತ್ತೆ ನಕ್ಕು ಮಾತಾಡಿಸಿದಾಗ ಮಗು ಅವಳ ಕಡೆಗೆ ಬರುತ್ತದೆ. ಪ್ರಯೋಗದ ಆ ಭಾಗವೂ ನೆನಪಾಯಿತು, ಪುಣ್ಯ.

ಫೋನು ಬೀರುವಿನ ಮೇಲಿಟ್ಟು ನೆಲದ ಮೇಲೆ ಕೂತೆ. ಅವನು ತಕ್ಷಣ ಬರಲಿಲ್ಲ. ಕರೆಯದೆ ಕಾದೆ. ಸ್ವಲ್ಪ ಹೊತ್ತಿಗೆ ಮುಚ್ಚಳ ತಂದು ಮಡಿಲಲ್ಲಿಟ್ಟ.

"ಮುಚ್ಚಳ," ಅಂದೆ. ಅಷ್ಟೇ. ಅವನು ಅದನ್ನು ತೆಗೆದು ನನ್ನ ತಲೆ ಮೇಲಿಟ್ಟ.

ರಾತ್ರಿ ಅವರೆಕಾಳಿನ ಸಾರು. ಕಾಳು ಚೆನ್ನಾಗಿ ಹಿಸುಕಿ ಅನ್ನ ಕಲಸಿದೆ. ಪ್ರತಿ ತುತ್ತಿಗೂ ತಟ್ಟೆಯೊಳಗೆ ಬಗ್ಗಿ "ಉಳ?" ಅಂತ ಕೇಳುತ್ತಿದ್ದ.